ಕೈಯಲ್ಲಿ ಉಳಿದ ಅರಿವೆ

ಬನಹಟ್ಟಿಯ ಮಗ್ಗದ ಓಣಿಗಳಲ್ಲಿ ‘ಎಸ್ಕೇಪ್’ ಈಗ ಕನ್ನಡದ ಮಾತೇ ಆಗಿದೆ. ಪಾಳಿಗೆ ಬಾರದವನು ಎಸ್ಕೇಪ್. ಚಹಾದ ರೊಕ್ಕ ಕೊಡದೆ ಎದ್ದವನು ಎಸ್ಕೇಪ್. ಕಾಡಸಿದ್ಧೇಶ್ವರನ ಜಾತ್ರೆಯಲ್ಲಿ ಅಪ್ಪನ ಕೈ ಬಿಡಿಸಿಕೊಂಡ ಹುಡುಗನೂ ಎಸ್ಕೇಪ್. “ಎಲ್ಲಿ ಅದಾನೋ ಅಂವಾ?” ಅಂದರೆ “ಎಸ್ಕೇಪ್ ಆಗ್ಯಾನ್ರಿ!”

ಈ ಪದದ ಬೇರು ತಿಳಿದಾಗ, ಇದು ನೇಕಾರರ ಊರಿಗೇ ಸಲ್ಲಬೇಕಾದದ್ದು ಅನ್ನಿಸಿತು. ಲ್ಯಾಟಿನ್ನಿನ ‘ಎಕ್ಸ್’ ಅಂದರೆ ಹೊರಗೆ, ‘ಕಪ್ಪಾ’ ಅಂದರೆ ಮೈಮೇಲಿನ ಹೊದಿಕೆ. ಬೆನ್ನಟ್ಟಿ ಬಂದವನು ಹೊದಿಕೆ ಹಿಡಿಯುತ್ತಾನೆ, ಓಡುವವನು ಹೆಗಲು ಕೊಡವಿ ಅದನ್ನು ಅವನ ಕೈಯಲ್ಲೇ ಬಿಟ್ಟು ಪಾರಾಗುತ್ತಾನೆ. ಹಳೆಯ ಫ್ರೆಂಚಿನ ದಾರಿಯಲ್ಲಿ ಈ ಪದ ಸುಮಾರು 700 ವರ್ಷಗಳ ಹಿಂದೆ ಇಂಗ್ಲಿಷಿಗೆ ಬಂತು. ಪಾರಸಿ ಕಡೆಯಿಂದ ಬಂದ ನಮ್ಮ ‘ಫರಾರಿ’ ಬರೀ ಓಟವನ್ನು ಹೇಳುತ್ತದೆ, ‘ತಲೆಮರೆಸಿಕೊಳ್ಳುವುದು’ ಅಡಗುವುದನ್ನು. ಬಿಟ್ಟುಹೋದ ಅರಿವೆಯನ್ನೂ ಲೆಕ್ಕಕ್ಕೆ ಹಿಡಿದದ್ದು ಈ ಪರದೇಶಿ ಪದ.

ಓಡದೇ ನಿಂತವರೂ, ಅರಿವೆ ಬದಲಿಸಿಯೂ ಪಾರಾಗದವರೂ ನಮ್ಮ ಸೀಮೆಯಲ್ಲಿದ್ದರು. 1857ರಲ್ಲಿ ಮುಧೋಳ ಹತ್ತಿರದ ಹಲಗಲಿಯ ಬೇಡರು ಬ್ರಿಟಿಷರಿಗೆ ಆಯುಧ ಒಪ್ಪಿಸದೆ, ಓಡದೆ, ಊರಲ್ಲೇ ನಿಂತು ಕಾದಿದರು. ಮರುವರ್ಷ ನರಗುಂದದ ಅರಸ ಬಾಬಾಸಾಹೇಬರು ಕೋಟೆ ಬಿದ್ದ ಮೇಲೆ ಪಂಢರಪುರದ ಯಾತ್ರಿಕರ ವೇಷ ತೊಟ್ಟು ತೊರಗಲ್ಲಿನ ಕಾಡು ಹಿಡಿದರು. ಅಲ್ಲೇ ಸಿಕ್ಕರು. ಜೂನ್ 12ರಂದು ಬೆಳಗಾವಿಯಲ್ಲಿ ಗಲ್ಲಾಯಿತು.

ನನ್ನನ್ನು ಕಾಡುವುದು ಇವತ್ತಿನ ಓಟ. ಮದುವೆಗೋ ದವಾಖಾನೆಗೋ ಮಾಲಕನಿಂದ ಮುಂಗಡ ತಗೊಂಡ ಕೂಲಿ ನೇಕಾರ ಅದು ತೀರುವ ತನಕ ಬೇರೆ ಮಗ್ಗಕ್ಕೆ ಹೋಗುವಂತಿಲ್ಲ. ನೇಕಾರಿಕೆಯ ಊರುಗಳಲ್ಲಿ ಈ ಕಟ್ಟು ಹಳೆಯದು. ನೂಲಿನ ದರ ಏರುತ್ತದೆ, ಸೀರೆ ಮಾರಿಹೋಗುವುದಿಲ್ಲ, ಕೂಲಿ ಇಳಿಯುತ್ತದೆ. ಸಾಲ ಇದ್ದಲ್ಲೇ ಇರುತ್ತದೆ. ಒಂದು ರಾತ್ರಿ ಮನೆಗೆ ಕೀಲಿ ಬೀಳುತ್ತದೆ, ಸಂಸಾರ ಮಗ್ಗಗಳ ಇನ್ನೊಂದು ಊರಾದ ಇಚಲಕರಂಜಿಯ ಬಸ್ಸು ಹತ್ತಿರುತ್ತದೆ. ಮಗ್ಗದ ಮೇಲೆ ಅರ್ಧ ನೇಯ್ದ ಸೀರೆ. ಮುಂಜಾನೆ ಓಣಿಯೆಲ್ಲ “ಓಡಿಹೋದ” ಅನ್ನುತ್ತದೆ, ಕಳ್ಳನಿಗೆ ಅಂದಂತೆ. ಸಣ್ಣ ಮಾಲಕನೂ ಸಾಲದಲ್ಲೇ ಇರುತ್ತಾನೆ, ಅವನ ಲುಕ್ಸಾನೂ ಸಣ್ಣದಲ್ಲ. ಆದರೂ ಆ “ಓಡಿಹೋದ”ವನನ್ನು ಅಪರಾಧಿ ಅನ್ನಲು ನಾನು ಒಪ್ಪುವುದಿಲ್ಲ. ಅವನು ಬಿಟ್ಟುಹೋದದ್ದರಲ್ಲಿ ಅವನ ಮನೆ, ಮಕ್ಕಳ ಸಾಲೆ, ಸ್ವಂತ ಕೈಯ ನೇಯ್ಗೆ ಎಲ್ಲವೂ ಇವೆ.

1976ರ ಜೀತಪದ್ಧತಿ ರದ್ದತಿ ಕಾಯಿದೆಯ ಪ್ರಕಾರ, ಮುಂಗಡದ ಹೆಸರಿನಲ್ಲಿ ಆಳನ್ನು ಒಂದೇ ಕಡೆ ಕಟ್ಟಿಹಾಕುವುದು ಅಪರಾಧ. ಅಂಥ ಜೀತದ ಸಾಲ ತೀರಿಸುವ ಹೊಣೆಯೂ ಆಳಿನ ಮೇಲಿಲ್ಲ. ನಿಮ್ಮ ಓಣಿಯಲ್ಲಿ ಹಾಗೆ ಸಿಕ್ಕಿಕೊಂಡವರಿದ್ದರೆ, ಅವರು ರಾತ್ರಿಯ ಬಸ್ಸು ಹತ್ತುವ ಮೊದಲು ಈ ಮಾತು ಮುಟ್ಟಿಸಿರಿ. ದೂರು ಹೇಳಬೇಕಾದದ್ದು ಜಿಲ್ಲಾಧಿಕಾರಿಗಳಿಗೆ.