ಕೇಳುವುದು

ಪ್ರಶ್ನೆ ಕೇಳುವುದು ಸುಲಭದ ಕೆಲಸವೆಂದು ನಾನು ಬಹುಕಾಲ ನಂಬಿದ್ದೆ. ಮೇಷ್ಟರ ಕಸುಬೇ ಅಂಥದು. ಉತ್ತರ ತಪ್ಪಾದರೆ ತಪ್ಪು ಉತ್ತರ ಬರೆದವನದು. ಪ್ರಶ್ನೆ ತೆಗೆದವನದು ಎಂದಿಗೂ ಅಲ್ಲ! ನನ್ನ ಈ ಗರ್ವ ಇಳಿದದ್ದು ಇತ್ತೀಚೆಗೆ.

ಯಾದಗಿರಿ, ಶಹಾಪುರ, ಸುರಪುರಗಳ ಜನ ಏನು ಓದುತ್ತಾರೆ, ಏನು ನೋಡುತ್ತಾರೆ, ಸುದ್ದಿ ಅವರಿಗೆ ಯಾವ ದಾರಿಯಿಂದ ಮುಟ್ಟುತ್ತದೆ ಎಂದು ತಿಳಿಯಲು ಸ್ನೇಹಿತರೊಬ್ಬರು ಸಂಶೋಧನೆಗೆ ಹೊರಟರು. ನಮ್ಮಲ್ಲಿ ಕನ್ನಡ, ಉರ್ದು, ತೆಲುಗು, ಲಂಬಾಣಿ ನಾಲ್ಕೂ ಒಂದೇ ಸಂತೆಯಲ್ಲಿ ಕಿವಿಗೆ ಬೀಳುತ್ತವೆ. ಎಲ್ಲರಿಗೂ ಒಂದೇ ಪ್ರಶ್ನಾವಳಿ ಕೊಟ್ಟು, ಬಂದ ಉತ್ತರಗಳನ್ನು ಹೋಲಿಸುವುದು ಅವರ ಯೋಜನೆ. ಕನ್ನಡದಲ್ಲಿ ಅದನ್ನು ಬರೆಯುವ ಭಾರ ನನ್ನ ಮೇಲೆ ಬಿತ್ತು.

"ನೀವು ದಿನವೂ ಬಳಸುವ ಮಾಧ್ಯಮ ಯಾವುದು?" ಎಂದು ಮೊದಲನೆಯ ಪ್ರಶ್ನೆ ಬರೆದೆ. ವ್ಯಾಕರಣದೋಷವೇನೂ ಇರಲಿಲ್ಲ. ಶಹಾಪುರದಲ್ಲಿ ಹಣ್ಣು ಮಾರುವವನೊಬ್ಬ ಕ್ಷಣಕಾಲ ಯೋಚಿಸಿ, "ನಂದು ಕನ್ನಡ ಮೀಡಿಯಂರೀ ಸರ್, ಹುಡುಗರನ್ನ ಇಂಗ್ಲಿಷಿಗಿ ಹಾಕೀನಿ" ಎಂದ. ಮಾಧ್ಯಮವನ್ನು ಅಲ್ಲಿಗೇ ಬಿಟ್ಟೆ. ಉರ್ದುವಿಗೂ ನಮ್ಮ ಮಾತಿಗೂ ಹೊಂದಲಿ ಎಂದು "ನಿಮಗೆ ಖಬರ್ ಎಲ್ಲಿಂದ ಬರ್ತದ?" ಎಂದು ತಿದ್ದಿದೆ. ಸುರಪುರದ ಹಿರಿಯರೊಬ್ಬರು ನಕ್ಕುಬಿಟ್ಟರು. "ಖಬರ್ ಇದ್ದಿದ್ರ ಹಿಂಗ ಕಟ್ಟಿಮ್ಯಾಲ ಯಾಕ ಕೂಡ್ತಿದ್ದೆನ್ರೀ?" ಉರ್ದುವಿನ ಸುದ್ದಿ ನಮ್ಮ ಕನ್ನಡಕ್ಕೆ ಬರುವಾಗ ದಾರಿಯಲ್ಲಿ ಬುದ್ಧಿಯಾಗಿ ಬದಲಾಗಿದೆ! ಒಬ್ಬರು ಅನುವಾದಿಸಿದ್ದನ್ನು ಮತ್ತೊಬ್ಬರಿಂದ ತಿರುಗಿ ಮೂಲಭಾಷೆಗೆ ತರಿಸಿ ನೋಡಬೇಕೆಂದು ಸಂಶೋಧಕರು ಹೇಳುವುದು ಇದಕ್ಕೇ ಇರಬೇಕು.

ಶಬ್ದ ಸರಿಹೋದರೂ ತೊಡಕು ಮುಗಿಯಲಿಲ್ಲ. ತಾಂಡಾವೊಂದರಲ್ಲಿ "ಮನೆಯಲ್ಲಿ ಮೊಬೈಲ್ ಇದೆಯೇ?" ಎಂದರೆ "ಅದ" ಎಂದು ಉತ್ತರ ಬಂತು. ಗುರುತು ಹಾಕಿಕೊಂಡೆವು. ಎದ್ದು ಹೊರಡುವಾಗ ತಿಳಿಯಿತು, ಅದು ದುಡಿಯಲು ಹೋದ ಗಂಡನ ಜೊತೆ ಪುಣೆಯಲ್ಲಿದೆ ಎಂದು.

ಇದೆಲ್ಲ ಪರರ ಮನೆಯ ಮಾತಾಯಿತು. ನನ್ನ ಮನೆಯಲ್ಲೇ ಪರೀಕ್ಷಿಸೋಣವೆಂದು ಅವ್ವನ ಮುಂದೆ ಕುಳಿತೆ. ಅವ್ವನಿಗೆ ಓದು ಬಾರದು. ಪತ್ರಿಕೆ? ಇಲ್ಲ. ರೇಡಿಯೊ? ಕೆಟ್ಟು ಎಷ್ಟೋ ಕಾಲವಾಯಿತು. ಮೊಬೈಲ್? "ನನಗ್ಯಾಕ ಬೇಕಪಾ ಅದು?" ಸಾಲಾಗಿ ಐದು "ಇಲ್ಲ" ಬರೆದು ಎದ್ದೆ. ಆ ಸಂಜೆ ನನ್ನ ಮಗಳು ಪತ್ರಿಕೆ ಬಿಡಿಸಿ ಅಜ್ಜಿಗೆ ಓದಿ ಹೇಳುತ್ತಿದ್ದಳು. ನಾರಾಯಣಪುರದ ಕಾಲುವೆಗೆ ನೀರು ಬಿಟ್ಟರೇ, ಬಂಗಾರದ ದರವೆಷ್ಟು, ಯಾರು ತೀರಿಕೊಂಡರು ಎಂದು ಅವ್ವ ಒಂದೊಂದಾಗಿ ವಿಚಾರಿಸುತ್ತಿದ್ದಳು. ಬಳಿಕ ಮೊಮ್ಮಗಳ ಮೊಬೈಲಿನಲ್ಲಿ ಪ್ರವಚನ. ಇದು ದಿನವೂ ನನ್ನ ಕಣ್ಣೆದುರಿಗೇ ನಡೆಯುವುದು. ಆದರೂ ಹಾಳೆಯ ಮೇಲೆ ಹೆತ್ತ ತಾಯಿಯನ್ನೇ ಸೊನ್ನೆ ಮಾಡಿದ್ದೆ. 2011ರ ಜನಗಣತಿಯಲ್ಲಿ ನಮ್ಮ ಜಿಲ್ಲೆಯ ಸಾಕ್ಷರತೆ ನೂರಕ್ಕೆ ಸುಮಾರು 52; ರಾಜ್ಯದಲ್ಲೇ ಕಡಿಮೆ. ಹೀಗೆಯೇ ಬರೆಯುತ್ತ ಹೋದರೆ ಇನ್ನೆಷ್ಟು ತಾಯಂದಿರು ನನ್ನ ಸೊನ್ನೆಯೊಳಗೆ ಸೇರಿಹೋಗುತ್ತಿದ್ದರೋ!

ನಾಚಿಕೆಯಿಂದ ಅವ್ವನಿಗೆ ಹೇಳಿದೆ. ಅವಳು ನಕ್ಕು, ತನ್ನ ತವರೂರಿನ ಸಾಲೆಗೆ ಟೀವಿ ಬಂದ ಕಾಲದ ಮಾತು ತೆಗೆದಳು. ಆಗ ನಾವು ಗುಲ್ಬರ್ಗಾ ಜಿಲ್ಲೆಯವರು. 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ, ಅಮೆರಿಕದ ಉಪಗ್ರಹವೊಂದರ ನೆರವಿನಿಂದ, ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಟೆಲಿವಿಷನ್ ಮುಟ್ಟಿಸುವ ಪ್ರಯೋಗ ನಡೆಯಿತು. ಕರ್ನಾಟಕದಲ್ಲಿ ಗುಲ್ಬರ್ಗಾ, ರಾಯಚೂರು, ಬಿಜಾಪುರ ಜಿಲ್ಲೆಗಳು ಅದಕ್ಕೆ ಸೇರಿದ್ದವು.

"ಗಂಡಸರು, ಹುಡುಗರು ಮುಂದ ಕೂಡೋರು. ನಾವು ಹೆಣ್ಣುಹುಡುಗ್ಯಾರು ಬೇವಿನ ಗಿಡದ ಹಿಂದ, ಕತ್ತಲದಾಗ. ಯಾರರ ಕೇಳಿದ್ರ ನೋಡೇ ಇಲ್ಲ ಅಂತಿದ್ವಿ. ಹಿರ್ಯಾರು ಬೈತಾರಲ್ಲ!"

ಆ ಪ್ರಯೋಗದ ಫಲವನ್ನು ಅಳೆಯಲು ಇಸ್ರೋ ದೊಡ್ಡ ಸಮೀಕ್ಷೆಗಳನ್ನು ನಡೆಸಿತ್ತು. ಜೊತೆಗೆ ಹಳ್ಳಿಗಳಲ್ಲೇ ತಿಂಗಳುಗಟ್ಟಲೆ ನೆಲೆಸಿ ನೋಡಲು ಮಾನವಶಾಸ್ತ್ರಜ್ಞರನ್ನೂ ಕಳಿಸಿತ್ತು. ಎಣಿಕೆಯೊಂದೇ ಏಕೆ ಸಾಲದೆಂಬುದನ್ನು ನನಗೆ ತಿಳಿಸಿದ್ದು ಆ ಬೇವಿನ ಗಿಡ.

ಎಣಿಕೆ ಬೇಡವೆಂದು ನಾನು ಹೇಳಲಾರೆ. ನಾಲ್ಕು ಮನೆಯ ಜಗಲಿಯಲ್ಲಿ ಕುಳಿತವನಿಗೆ ಜಿಲ್ಲೆ ತಿಳಿಯುವುದಿಲ್ಲ. ಆದರೆ ಏನನ್ನು ಎಣಿಸಬೇಕೆಂಬುದು ಜಗಲಿಯಲ್ಲಿ ಕೂಡದೆ ತಿಳಿಯುವುದಿಲ್ಲ. ಸ್ನೇಹಿತರು ಮೊದಲು ವೇಳೆ ಸಾಲದೆಂದರು, ಆಮೇಲೆ ಒಪ್ಪಿದರು. ಈಗ ಒಂದೊಂದು ಭಾಷೆಯ ಕೆಲವು ಮನೆಗಳಲ್ಲಿ ಸಂಜೆ ಕುಳಿತು ಬರುತ್ತೇವೆ. ಪ್ರಶ್ನಾವಳಿ ಆಮೇಲೆ. "ಪತ್ರಿಕೆ ಓದುತ್ತೀರಾ?" ಎಂಬ ಪ್ರಶ್ನೆ ಹೋಗಿ, "ನಿನ್ನೆ ಏನು ಸುದ್ದಿ ತಿಳಿಯಿತು? ಯಾರು ಹೇಳಿದರು?" ಎಂಬುದು ಬಂದಿದೆ.

ಪ್ರಶ್ನಿಸುವುದಕ್ಕೂ ಕಿವಿಗೊಡುವುದಕ್ಕೂ ಕನ್ನಡದಲ್ಲಿ ಒಂದೇ ಮಾತು: ಕೇಳುವುದು. ಇಷ್ಟು ವರ್ಷ ಕನ್ನಡ ಪಾಠ ಹೇಳಿದರೂ ಅದರ ಅರ್ಧ ಅರ್ಥವೇ ನನಗೆ ರೂಢಿಯಾಗಿತ್ತು. ಮೊನ್ನೆ ಹೊಸ ಹಾಳೆ ಹಿಡಿದು ಅವ್ವನ ಬಳಿ ಹೋದೆ. ಅವಳು ನನ್ನ ಕೈಯಲ್ಲಿದ್ದ ಪೆನ್ನನ್ನೇ ನೋಡಿ ಅಂದಳು:

"ಇವತ್ತರ ಕೇಳ್ತೀಯೇನಪಾ, ಇಲ್ಲಾ ಬರಕೊಂಡು ಹೋಗ್ತೀಯೋ?"