ಕುದುರೆ ಏರಿದ ಯಮ

ದೌಂಡದಿಂದ ಪುಣೆಗೆ ರೈಲಿನಲ್ಲಿ ಸುಮಾರು 75 ಕಿಲೋಮೀಟರು. ದಿನವೂ ನಿಂತೇ ಕಚೇರಿಗೆ ಹೋಗುವ ನಮ್ಮಂಥ ಗುಮಾಸ್ತರಿಗೆ ಪುಸ್ತಕ ಹಿಡಿಯಲು ಕೈಯೆಲ್ಲಿ? ಆದ್ದರಿಂದ ಕಿವಿಯಿಂದಲೇ ಓದಲು ಕಲಿತೆವು.

ಟೆರಿ ಪ್ರಾಚೆಟ್ ಎಂಬ ಇಂಗ್ಲಿಷ್ ವಿನೋದಗಾರನ 'ಡಿಸ್ಕ್‌ವರ್ಲ್ಡ್' ಮಾಲೆಯಲ್ಲಿ 1983ರಿಂದ 2015ರ ವರೆಗೆ 41 ಕಾದಂಬರಿಗಳು ಬಂದವು. ಅಲ್ಲಿಯ ಲೋಕ ತಟ್ಟೆಯಂತೆ ಚಪ್ಪಟೆ. ಅದನ್ನು ಹೊತ್ತವು ನಾಲ್ಕು ಆನೆ, ಆನೆಗಳನ್ನು ಹೊತ್ತದ್ದು ಒಂದು ಆಮೆ. ನಮ್ಮ ಅಷ್ಟದಿಗ್ಗಜಗಳಲ್ಲಿ ನಾಲ್ಕಕ್ಕೆ ರಜೆ ಮಂಜೂರಾದಂತಿದೆ! 2022ರಿಂದ ಬಂದ ಹೊಸ ಧ್ವನಿಮುದ್ರಣದಲ್ಲಿ ಅಡಿಟಿಪ್ಪಣಿ ಓದಲಿಕ್ಕೇ ಬಿಲ್ ನೈ ಎಂಬ ಬೇರೊಬ್ಬ ನಟನಿದ್ದಾನೆ.

ಕಣ್ಣು ಮಂಜಾದ ನಮ್ಮ ತಂದೆಯವರಿಗೆ ರಾತ್ರಿ ಇದನ್ನೆಲ್ಲ ಕನ್ನಡದಲ್ಲಿ ಹೇಳುತ್ತೇವೆ. ಗಮಕಿಗಳ ಬಾಯಲ್ಲಿ ಕುಮಾರವ್ಯಾಸನನ್ನು ಕೇಳಿದ ಕಿವಿ ಅವರದು, ಸುಲಭಕ್ಕೆ ಒಲಿಯದು. ತಾಯಿಯವರು ಹೋದಂದಿನಿಂದ ಮಾತೂ ಕಡಿಮೆ. ಹೀಗಾಗಿ ಕಥೆಯಲ್ಲಿ ಬರುವ ಸಾವಿನ ಪಾತ್ರವನ್ನು ಹೇಳಲು ಹಿಂಜರಿದೆವು. ಆದರೆ ಅವನಿಲ್ಲದೆ ಕಥೆ ಮುಂದೆ ಸಾಗಬೇಕಲ್ಲ! ಹೇಳಿದೆವು: ಬರಿಯ ಎಲುಬಿನ ಗೂಡು, ಕೈಯಲ್ಲಿ ಕುಡುಗೋಲು, ಏರಲು ಬಿಂಕಿ ಎಂಬ ಬಿಳಿಯ ಕುದುರೆ, ಬೆಕ್ಕುಗಳೆಂದರೆ ಆ ಸಾವಿಗೆ ಪ್ರಾಣ.

"ಕ್ವಾಣ ಬಿಟ್ಟು ಕುದರಿ ಹತ್ಯಾನೇನೋ ಅಂವಾ?" ಎಂದು ತಂದೆಯವರು ಗಟ್ಟಿಯಾಗಿ ನಕ್ಕರು. ಎಷ್ಟೋ ತಿಂಗಳ ಮೇಲೆ ಕೇಳಿದ ನಗು.

ತುಸು ಹೊತ್ತು ಸುಮ್ಮನಿದ್ದು, "ನಿಮ್ಮವ್ವನ್ನೂ ಕುದರಿ ಮ್ಯಾಲೇ ಕರಕೊಂಡು ಹೋದನೋ ಏನೋ... ಇರಲಿ, ಮುಂದ ಹೇಳು" ಎಂದರು.