ಓಮ್ನಿ ಮಿಸ್ಸಿಂಗ್ ಹೊಡೀತಿತ್ತು, ಹೆಡ್ ಬಿಚ್ಚಿಸೋಕೆ ಹೊರಟಿದ್ದೆ

ಹಳೇ ಪೆಟ್ರೋಲ್ ಗಾಡೀಲಿ ಟೊಮೇಟೊ ಹಾಕೋರು ಓದಿ. ಸ್ವಲ್ಪ ಉದ್ದ ಇದೆ.

ಹೋದ ಡಿಸೆಂಬರಲ್ಲಿ ನಮ್ಮ ಓಮ್ನಿ ಬೆಳಗಿನ ಜಾವ ಸ್ಟಾರ್ಟ್ ಮಾಡಿದ್ರೆ ಚಳಿಜ್ವರ ಬಂದವರ ಥರ ನಡುಗೋದು. ಕಾರ್ಬ್ಯುರೇಟರ್ ಗಾಡಿ, 796 ಸಿಸಿ, ಇರೋದೇ ಮೂರು ಸಿಲಿಂಡರ್. ಅದರಲ್ಲಿ ಒಂದು ಕೈ ಕೊಟ್ರೆ ಏನು ಉಳೀತು? 22 ಬಾಕ್ಸು, ಬಾಕ್ಸಿಗೆ 15 ಕೆಜಿ, ಏರು ಹತ್ತುವಾಗ ಫಸ್ಟ್ ಗೇರಲ್ಲೂ ಉಸಿರು ಕಟ್ಟೋದು. ಒಂದು ದಿನ ಕೋಲಾರ ಮಾರ್ಕೆಟ್ ತಲುಪಿದಾಗ ನಮ್ಮ ಮಂಡೀಲಿ ಹರಾಜು ಮುಗಿದಿತ್ತು. ಅವರು ಕೇಳಿದ ರೇಟಿಗೆ ಸುರಿದು ಬಂದೆ.

ಗಾಡೀನ ಮೆಕ್ಯಾನಿಕ್ ಹತ್ರ ತಗೊಂಡು ಹೋಗಿದ್ದು ಹನ್ನೊಂದು ಗಂಟೆ ಬಿಸಿಲಲ್ಲಿ. ಆಗ ಸುಮಾರಾಗಿ ಓಡ್ತಿತ್ತು. ಗೇಜ್ ಹಾಕಿ ನೋಡಲಿಲ್ಲ, ಬರೀ ಕಿವಿಗೊಟ್ಟು ಕೇಳಿ "ಕಂಪ್ರೆಷನ್ ಹೋಗಿದೆ, ಹೆಡ್ ಬಿಚ್ಚಬೇಕು, 14 ಸಾವಿರ ಆಗತ್ತೆ" ಅಂದ. ಮಗ "ಗುಜರಿಗೆ ಹಾಕ್ಬಿಡಪ್ಪ" ಅಂದ. ದುಡ್ಡು ಹೊಂದಿಸೋಕೆ ನಾಲ್ಕು ದಿನ ತಡ ಆಯ್ತು, ಅದೇ ಒಳ್ಳೇದಾಯ್ತು.

ಆ ನಾಲ್ಕು ದಿನದಲ್ಲಿ ಒಂದು ಗಮನಕ್ಕೆ ಬಂತು. ಮಂಜು ಬಿದ್ದ ದಿನ ನಡುಕ. ಅಷ್ಟೇ ಚಳಿ ಇದ್ದು ಮಂಜು ಇಲ್ಲದ ದಿನ ಐದು ಗಂಟೆಗೂ ಚೆನ್ನಾಗೇ ಓಡ್ತು. ಕಂಪ್ರೆಷನ್ನಿಗೂ ಮಂಜಿಗೂ ಏನು ಸಂಬಂಧ? ತೇವಕ್ಕೆ ಹೆದರೋದು ಕರೆಂಟು. ಬೋರ್ ಸ್ಟಾರ್ಟರ್ ನೋಡಿದವರಿಗೆ ಇದು ಗೊತ್ತು.

ಮಾರನೇ ದಿನ ಮಂಜಲ್ಲೇ ಸೀಟ್ ಎತ್ತಿದೆ. ಮೊದಲು ಪೆಟ್ರೋಲ್ ಎಲ್ಲೂ ಸೋರ್ತಿಲ್ಲ ಅಂತ ನೋಡ್ಕೊಂಡೆ. ಇಂಜಿನ್ ಆಫ್ ಮಾಡಿ ಒಂದು ಪ್ಲಗ್ ವೈರ್ ಕಿತ್ತು, ಅದಕ್ಕೆ ಒಂದು ಹಳೇ ಪ್ಲಗ್ ಸಿಕ್ಕಿಸಿ, ಪ್ಲಗ್ಗಿನ ಕಬ್ಬಿಣ ಇಂಜಿನ್ ಮೈಗೆ ತಾಗೋ ಹಂಗೆ ಇಟ್ಟು ಸ್ಟಾರ್ಟ್ ಮಾಡಿದೆ. ನಡುಕ ಜಾಸ್ತಿ ಆಯ್ತು, ಅಂದ್ರೆ ಆ ಸಿಲಿಂಡರ್ ದುಡೀತಿತ್ತು. ಹಂಗೇ ಒಂದೊಂದೇ ನೋಡ್ತಾ ಬಂದೆ. ನಡುವಿನದು ಕಿತ್ತಾಗ ಏನೂ ವ್ಯತ್ಯಾಸ ಇಲ್ಲ. ಸಿಕ್ಕಿಬಿತ್ತು ಕಳ್ಳ. ಓಡೋವಾಗ ಬರಿಗೈಲಿ ವೈರ್ ಮುಟ್ಟಬೇಡಿ, ಒದೆಯೋ ಹೊಡೆತಕ್ಕೆ ಮೊಣಕೈವರೆಗೂ ಜೋಮು ಹಿಡಿಯತ್ತೆ. ಎಂಪಿಎಫ್ಐ ಗಾಡೀಲಿ ಈ ಆಟ ಬೇಡವೇ ಬೇಡ, ಕಾಯಿಲ್ಲು, ಕಂಪ್ಯೂಟರ್ ಹಾಳಾಗಬಹುದು.

ನಡುವಿನ ಪ್ಲಗ್ ಬಿಚ್ಚಿದ್ರೆ ಕಪ್ಪಗೆ, ಒದ್ದೆ, ಪೆಟ್ರೋಲ್ ವಾಸನೆ. ಪಕ್ಕದ್ದು ಇಟ್ಟಿಗೆ ಬಣ್ಣಕ್ಕಿತ್ತು, ಅದು ಸರಿಯಾಗಿ ಉರೀತಿರೋ ಗುರುತು. ಹೊಸ ಪ್ಲಗ್ ತರೋಕೆ ಓಡಲಿಲ್ಲ. ಎರಡನ್ನೂ ಅದಲು ಬದಲು ಮಾಡಿದೆ. ರೋಗ ಪ್ಲಗ್ಗಿನ ಜೊತೆ ಹೋದ್ರೆ ಪ್ಲಗ್ಗೇ ಕೆಟ್ಟಿದೆ ಅಂತ. ಹೋಗಲಿಲ್ಲ, ನಡುವೇನೇ ಉಳೀತು. ಆಮೇಲೆ ವೈರ್ ಬದಲಾಯಿಸಿದೆ, ಡಿಸ್ಟ್ರಿಬ್ಯೂಟರ್ ಕಡೆ, ಪ್ಲಗ್ ಕಡೆ ಎರಡೂ ತುದಿ. ಒಂದೇ ತುದಿ ಬದಲಾದ್ರೆ 1-3-2 ಅನ್ನೋ ವರಸೆ ತಪ್ಪಿ ಗಾಡಿ ಪಟಾಕಿ ಹೊಡೆಯತ್ತೆ. ಈ ಸಲ ರೋಗ ವೈರಿನ ಜೊತೆ ಪಕ್ಕಕ್ಕೆ ಹೋಯ್ತು!

ಟಾರ್ಚ್ ಆರಿಸಿ ಕತ್ತಲಲ್ಲಿ ನೋಡಿದೆ. ವೈರಿನ ಮಧ್ಯದಿಂದ ಇಂಜಿನ್ ಮೈಗೆ ನೀಲಿ ಕಿಡಿ ಚಟಚಟ ಹಾರ್ತಿತ್ತು. ರಬ್ಬರ್ ಮೇಲೆ ಇಲಿ ಹಲ್ಲಿನ ಗುರುತು. ಬಿತ್ತನೆ ಕಡಲೆಕಾಯಿ ಮೂಟೆ ಗಾಡಿ ಪಕ್ಕದಲ್ಲೇ ಜೋಡಿಸಿದ್ದವನು ನಾನೇ. ಮನೆಯವಳು ಆಗಲೇ ಬೇಡ ಅಂದಿದ್ಲು.

ಪೂರ್ತಿ ವೈರ್ ಸೆಟ್ ಹಾಕಿದೆ, ಐನೂರು ರೂಪಾಯಿ ಒಳಗೆ ಮುಗೀತು. ಮಾರನೇ ದಿನವೂ ಮಂಜಿತ್ತು, ಅದೇ 22 ಬಾಕ್ಸು, ಏರು ಸೆಕೆಂಡ್ ಗೇರಲ್ಲಿ ಹತ್ತಿತು. ಮೂಟೆಗಳು ಈಗ ಅಟ್ಟದ ಮೇಲಿವೆ.

ಡಿಸ್ಟ್ರಿಬ್ಯೂಟರ್ ಕ್ಯಾಪ್ ಒಳಗೂ ಕೂದಲೆಳೆಯಷ್ಟು ಕಪ್ಪು ಗೆರೆ ಬಿದ್ದಿದೆ, ಅದೂ ಒಂದು ದಿನ ಕೈ ಕೊಡತ್ತೆ. ಯಾರ ಹತ್ರನಾದ್ರೂ ಹಳೇ ಓಮ್ನಿದು ಒಳ್ಳೇ ಕ್ಯಾಪ್ ಇದ್ರೆ ಹೇಳಿ, ಬಂದು ತಗೊಂಡು ಹೋಗ್ತೀನಿ.